ಗಾಜಾ ಸಾವಿನ ಲೆಕ್ಕ ‘ಅರ್ಧ ಆಯ್ತು’ ಅನ್ನೋ ಫಾರ್ವರ್ಡ್ ಬಗ್ಗೆ

ಗಾಜಾದಲ್ಲಿ ಸತ್ತ ಹೆಂಗಸ್ರು ಮಕ್ಕಳ ಲೆಕ್ಕಾನ ವಿಶ್ವಸಂಸ್ಥೆನೇ ಅರ್ಧಕ್ಕೆ ಇಳಿಸ್ತು, ಮೊದ್ಲು ಹೇಳಿದ್ದೆಲ್ಲಾ ಸುಳ್ಳು ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಹಾಗಲ್ಲ ಅದು. 2024ರ ಮೇನಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ಓಚಾದ ಚಾರ್ಟಲ್ಲಿ ಮಕ್ಕಳ ಸಂಖ್ಯೆ 14,500ಕ್ಕಿಂತ ಜಾಸ್ತಿ ಇದ್ದಿದ್ದು 7,797 ಆಯ್ತು ನಿಜ, ಆದ್ರೆ ಆಗ ಒಟ್ಟು ಸಾವು ಸುಮಾರು 35 ಸಾವಿರ ಇತ್ತು, ಅದು ಕಮ್ಮಿ ಆಗ್ಲೇ ಇಲ್ವಲ್ಲ. ಮೊದಲಿನ ನಂಬರ್ ಗಾಜಾದ ಸರ್ಕಾರಿ ಮಾಧ್ಯಮ ಕಚೇರಿದು, ಆಮೇಲಿಂದು ಅಲ್ಲಿನ ಆರೋಗ್ಯ ಸಚಿವಾಲಯದ್ದು, ಅದ್ರಲ್ಲಿ ಹೆಸರು, ಐಡಿ ನಂಬರ್ ಎಲ್ಲಾ ಸಿಕ್ಕಿ ಗುರುತು ಪಕ್ಕಾ ಆದ 24,686 ಜನರನ್ನ ಮಾತ್ರ ಹೆಂಗಸ್ರು, ಮಕ್ಕಳು, ಗಂಡಸ್ರು, ವಯಸ್ಸಾದೋರು ಅಂತ ವಿಂಗಡಿಸಿದ್ರು. ಉಳಿದ ಸುಮಾರು 10 ಸಾವಿರ ಜನ ಒಟ್ಟು ಲೆಕ್ಕದಲ್ಲಿ ಇದ್ರು, ಯಾವ ಕಾಲಂಗೂ ಹೋಗಿರ್ಲಿಲ್ಲ ಅಷ್ಟೇ. ಸೋರ್ಸ್ ಬದಲಾದಾಗ ಓಚಾದೋರು ಅದನ್ನ ಇನ್ನೂ ಬಿಡಿಸಿ ಹೇಳ್ಬೇಕಿತ್ತು ಬಿಡಿ. ಕಟ್ಟಡಗಳ ಅವಶೇಷದಡಿ ಸಿಕ್ಕಾಕೊಂಡು ಆಗ ಇನ್ನೂ ಹೊರಗೆ ತೆಗೆಯೋಕೆ ಆಗದೇ ಇದ್ದೋರಂತೂ ಈ 35 ಸಾವಿರದಲ್ಲಿ ಸೇರೇ ಇರ್ಲಿಲ್ಲ.