ಮುಂದಿನ ವಾರ ಸಂಡಿಗೆ ಇಡಬಹುದಾ?

ಏಪ್ರಿಲ್ ಕೊನೆ ಬಂತು ಅಂದರೆ ದಾವಣಗೆರೆಯಲ್ಲಿ ಹವಾಮಾನ ವರದಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವವರು ಸಂಡಿಗೆ ಇಡುವವರು. ನಮ್ಮನೆಗೆ ಮುಂದಿನ ವಾರದ ಮುನ್ಸೂಚನೆ ಮೂರು ದಾರಿಯಲ್ಲಿ ಬರುತ್ತದೆ: ಮಗನ ಮೊಬೈಲು, ನಮ್ಮವರ ಪೇಪರು, ಅತ್ತೆಯ ಪಂಚಾಂಗ. ಮೂರೂ ಒಂದೇ ಮಾತು ಹೇಳಿದ ವಾರ ನನಗೆ ನೆನಪಿಲ್ಲ.

ಈ ಸಲದ್ದು ಹೀಗಿದೆ. ಮೊಬೈಲಿನಲ್ಲಿ ಬುಧವಾರದವರೆಗೆ ಬರೀ ಸೂರ್ಯ, 39 ಡಿಗ್ರಿ. ಗುರುವಾರದಿಂದ ಸೂರ್ಯನಿಗೆ ಅಡ್ಡ ಒಂದು ಮೋಡ, ಮೋಡದ ಕೆಳಗೆ ಮಿಂಚು. ಪೇಪರಿನಲ್ಲಿ ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ’. ಆ ಒಂದೆರಡು ಕಡೆಯಲ್ಲಿ ನಮ್ಮ ಟೆರೇಸು ಇದೆಯಾ ಅಂತ ಪೇಪರಿನವರು ಬರೆದಿಲ್ಲ. ಅತ್ತೆ ಮಾತ್ರ ಪಂಚಾಂಗ ಮಡಚಿಟ್ಟು, “ಭರಣಿ ಹುಟ್ಟೈತವ್ವ, ಬರ್ದೆ ಎಲ್ಲಿಗೆ ಹೋಗ್ತೈತಿ?” ಅಂದರು.

ಪಂಚಾಂಗದ ಜಾಣತನ ಮೆಚ್ಚಬೇಕು. ಭರಣಿ ಏಪ್ರಿಲ್ 27ರ ಸುಮಾರಿಗೆ ಹುಟ್ಟಿದರೆ ಎರಡು ವಾರ ಅದರದೇ ರಾಜ್ಯಭಾರ. ಅಷ್ಟರೊಳಗೆ ಎಲ್ಲೋ ನಾಲ್ಕು ಹನಿ ಬಿದ್ದರೂ ಪಂಚಾಂಗ ಪಾಸು. ಇದೂ ಸಾಲದು ಅಂತ ಭರತ ಹುಣ್ಣಿಮೆ ಹೊತ್ತಿಗೆ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಒಂದು ಸಾಲಿನ ಕಾರಣಿಕ ನುಡಿದಿರುತ್ತಾರೆ. ಅದನ್ನು ಮಳೆಗೂ ಹೊಂದಿಸಬಹುದು, ಚುನಾವಣೆಗೂ ಹೊಂದಿಸಬಹುದು. ನಮ್ಮವರು ಚುನಾವಣೆಗೇ ಹೊಂದಿಸುವುದು. ಸಂಡಿಗೆಗೆ ಅದರಿಂದ ಏನೂ ಉಪಯೋಗವಿಲ್ಲ.

ಇನ್ನು 39 ಡಿಗ್ರಿ ವಿಷಯ. ಅದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ ಅಳೆದ ಬಿಸಿ. ನಮ್ಮ ಟೆರೇಸಿಗೆ ಅಂಥ ಪೆಟ್ಟಿಗೆಯ ಭಾಗ್ಯ ಎಲ್ಲಿ ಬರಬೇಕು? ಬರಿಗಾಲಲ್ಲಿ ಹೋದವರು ಕುಣಿಯುತ್ತಲೇ ವಾಪಸ್ ಬರುತ್ತಾರೆ. ಆದರೂ ಸರ್ಕಾರಿ ಲೆಕ್ಕದಲ್ಲಿ ಇದು ಬಿಸಿಗಾಳಿ ಅಲ್ಲ. ಬಯಲು ಪ್ರದೇಶದಲ್ಲಿ ಕಡೇ ಪಕ್ಷ 40 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಹಾಗಾಗಿ 39ಕ್ಕೆ ನಾವು ಅಧಿಕೃತವಾಗಿ ಒದ್ದಾಡುವ ಹಾಗಿಲ್ಲ. ಸುಮ್ನೆ ಒದ್ದಾಡಬೇಕು.

ಹೋದ ವರ್ಷ ಇದೇ ಹೊತ್ತಿನಲ್ಲಿ ಮೊಬೈಲು, ‘ಮಳೆ ಸಾಧ್ಯತೆ ಶೇ. 10’ ಅಂದಿತ್ತು. ಅತ್ತೆ ಬೆಳಗಿನ ಜಾವವೇ ಎದ್ದು ಹಿಟ್ಟು ಬೇಯಿಸಿದರು. ಬಿಸಿಲೇರುವ ಮೊದಲೇ ನನ್ನ ಎರಡು ಹಳೇ ಸೀರೆ ತುಂಬ ಸಂಡಿಗೆ. ಮಧ್ಯಾಹ್ನದವರೆಗೆ ಆಕಾಶ ಎಷ್ಟು ಚೊಕ್ಕಟ ಇತ್ತೆಂದರೆ, ಮಗ ಕಾಗೆ ಕಾಯುವ ಕೆಲಸ ಬಿಟ್ಟು ಮಲಗಿದ.

ನಾಲ್ಕು ಗಂಟೆಗೆ ಫ್ಯಾನ್ ನಿಂತಿತು. ನಮ್ಮ ಓಣಿಯಲ್ಲಿ ಮೊದಲು ಹೋಗುವುದು ಕರೆಂಟು. ಆಮೇಲೆ ಗಾಳಿ, ಆಮೇಲೆ ಧೂಳು, ಮಳೆ ಕೊನೆಗೆ. ಅಂದರೆ ಸುಮಾರು ಐದು ನಿಮಿಷ ಮೊದಲೇ ಗೊತ್ತಾಗುತ್ತದೆ. ಇಷ್ಟು ನಂಬಿಕಸ್ಥ ಮುನ್ಸೂಚನೆ ಬೇರೆ ಇಲ್ಲ. ಎಲ್ಲರೂ ಮೇಲಕ್ಕೆ ಓಡಿದೆವು. “ನಾಲ್ಕೂ ಮೂಲೆ ಹಿಡೀರಿ!” ಅಂತ ಅತ್ತೆ ಕೂಗಿದರು. ನಮ್ಮವರು ಮೂಲೆಯ ಮೇಲಿದ್ದ ಇಟ್ಟಿಗೆ ತೆಗೆದರು, ಸೀರೆಯನ್ನು ಗಾಳಿ ಹಿಡಿದುಕೊಂಡಿತು. ಸಂಡಿಗೆ ಪಕ್ಕದವರ ನೀರಿನ ಟ್ಯಾಂಕಿನ ಮೇಲೆ, ಎದುರು ಮನೆಯ ತುಳಸಿ ಕಟ್ಟೆಯಲ್ಲಿ, ಮಗನ ತಲೆಯಲ್ಲಿ. ಇನ್ನೊಂದು ಸೀರೆ ಅಲುಗಾಡದೆ ಕೂತು ಪೂರ್ತಿ ನೆನೆಯಿತು. ಅದರ ಮೇಲಿದ್ದ ಸಂಡಿಗೆ ಮತ್ತೆ ಹಿಟ್ಟಾಯಿತು. ಅಷ್ಟರಲ್ಲಿ ಆಲಿಕಲ್ಲು ಬೇರೆ. ಮಾರನೇ ದಿನ ಪಕ್ಕದ ಮನೆಯವರು ಡಬ್ಬಿಯಲ್ಲಿ ಒಂದು ಹಿಡಿ ಸಂಡಿಗೆ ತಂದುಕೊಟ್ಟು, “ನಿಮ್ಮದೇ ಇರಬೇಕು, ಜೀರಿಗೆ ಜಾಸ್ತಿ ಇದೆ” ಅಂದರು. ಮಳೆಗಿಂತ ಆ ಮಾತು ಅತ್ತೆಗೆ ಹೆಚ್ಚು ತಟ್ಟಿತು.

ಮೊಬೈಲನ್ನು ಬೈದು ಪ್ರಯೋಜನವಿಲ್ಲ. ಬೆಳಿಗ್ಗೆಯಿಂದ ಕಾದ ನೆಲ ಬಿಸಿಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸೇರಿದರೆ ಸಂಜೆಯೊಳಗೆ ಹತ್ತು ಕಿಲೋಮೀಟರಿಗಿಂತ ಎತ್ತರದ ಮೋಡ. ಅಂಥ ಒಂದೊಂದು ಮೋಡ ಒಂದೆರಡು ತಾಸಿನಲ್ಲಿ ಹುಟ್ಟಿ, ಸುರಿದು, ಮುಗಿದೂ ಹೋಗುತ್ತದೆ. ಅದು ಯಾವ ಓಣಿಯ ಮೇಲೆ ಅಂತ ವಾರದ ಮೊದಲು ಹೇಳುವುದು ಯಾರ ಕೈಲೂ ಆಗದು. ಹವಾಮಾನ ಇಲಾಖೆಯವರು ರಾಡಾರ್ ನೋಡಿ ಮೂರು ತಾಸಿನ ಮುನ್ಸೂಚನೆ ಕೊಡುತ್ತಾರೆ, ನಿಜ. ಮೂರು ತಾಸಿನಲ್ಲಿ ಸಂಡಿಗೆ ಒಣಗಬೇಕಲ್ಲ!

ನಕ್ಷೆಯಲ್ಲೋ ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದಿರುತ್ತಾರೆ. ಅಡಿಕೆ ತೋಟದ ಚನ್ನಗಿರಿಗೂ ಹಳದಿ, ಮೋಡ ಕಂಡರೆ ಕೈಮುಗಿಯುವ ಜಗಳೂರಿಗೂ ಹಳದಿ. ನಮ್ಮೂರೊಳಗೇ ವಿದ್ಯಾನಗರದಲ್ಲಿ ಚರಂಡಿ ಉಕ್ಕುವಾಗ ಪಿ.ಜೆ. ಬಡಾವಣೆಯವರು ಧೂಳು ಒರೆಸುತ್ತಿರುತ್ತಾರೆ.

ಈಗ ಓಣಿಯವರು ಮೊಬೈಲು ನೋಡುವುದನ್ನೇ ಬಿಟ್ಟಿದ್ದಾರೆ. “ನಾಳೆ ನಿಮ್ಮನೇಲಿ ಸಂಡಿಗೆ ಇಡ್ತೀರಾ? ಇಟ್ರೆ ನಾವು ಬಟ್ಟೆ ಒಗೆಯಲ್ಲ” ಅಂತ ಎದುರು ಮನೆಯವರು ಗೇಟಿನಲ್ಲೇ ಕೇಳುತ್ತಾರೆ. ಸುದ್ದಿ ಜಗಳೂರು ಸೀಮೆಯವರೆಗೂ ಹೋಗಿದೆ. ಅಲ್ಲಿ ಅತ್ತೆಯ ತಮ್ಮ ಮಾಗಿ ಉಳುಮೆಗೆ ಒಂದು ಹದ ಮಳೆ ಬರಲಿ ಅಂತ ಕಾಯುತ್ತಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. “ಅಕ್ಕಾ, ಈ ಸಲ ಅಲ್ಲಿ ಇಡಬ್ಯಾಡ. ಹಿಟ್ಟು ತಗಂಡು ಇಲ್ಲಿಗೇ ಬಾ. ನಮ್ಮ ಮಾಳಿಗೆ ಮ್ಯಾಲೇ ಇಡು.”

ಅತ್ತೆ ಬಸ್ಸಿನ ಟೈಮು ಕೇಳುತ್ತಿದ್ದಾರೆ.