ಬೆಲ್ಲನ ಕಿವಿ

ನಮ್ಮ ಬಡಾವಣೆಯ ಒಬ್ಬರ ಮನೆಯಲ್ಲಿ ಲ್ಯಾಬ್ರಡಾರ್ ಏಳು ಮರಿ ಹಾಕಿದೆ. ಐದು ಫಾನ್ (ತಿಳಿ ಹಳದಿ ಬಣ್ಣ), ಎರಡು ಕರಿ. ಕಳೆದ ಭಾನುವಾರ ನಾನು ನೋಡಲು ಹೋಗುವಷ್ಟರಲ್ಲಿ ಫಾನ್ ಮರಿಗಳು ಐದೂ ಹೋಗಿಬಿಟ್ಟಿದ್ದವು. ಕರಿ ಮರಿಗಳೆರಡು ಗೋಣಿಚೀಲದ ಮೇಲೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. "ಬೆಲೆ ಅರ್ಧಕ್ಕೆ ಇಳಿಸಿದ್ದೇನೆ ಅಕ್ಕಾ, ಆದರೂ ಬೇಡ ಎನ್ನುತ್ತಾರೆ. ಒಬ್ಬರು ಬಾಗಿಲ ತನಕ ಬಂದು, ಉಳಿದಿರುವುದು ಕರಿ ಮಾತ್ರ ಎಂದ ಕೂಡಲೇ ಹಾಗೆಯೇ ಹಿಂದಿರುಗಿದರು" ಎಂದ ಆ ಮನೆಯ ಹುಡುಗ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕಲಬುರಗಿಯಲ್ಲಿ ನಾಯಿ ಸಾಕಿರುವವರು, ಸಾಕಬೇಕೆಂದಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯದೂ ಕರಿ ಲ್ಯಾಬ್ರಡಾರ್. ಒಂಬತ್ತು ವರ್ಷಗಳ ಹಿಂದೆ ಎಳ್ಳಮಾವಾಸ್ಯೆಯ ದಿನ ಬಂದಳು, ಅದಕ್ಕೇ ಎಳ್ಳಿ ಎಂದು ಹೆಸರಿಟ್ಟೆವು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಕುಳಿತಿದ್ದಾಗ ತಮ್ಮ ಅವಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಮುತ್ಯಾ ಮುಖ ತಿರುಗಿಸಿದರು. "ಅಮಾವಾಸ್ಯೆಯ ದಿನ ನಿನಗೆ ಕರಿ ನಾಯಿಯೇ ಸಿಕ್ಕಿತೇ?" ಎಂದರು. ಅವ್ವ ಬಿಡಲಿಲ್ಲ. "ಅಮಾವಾಸ್ಯೆಯನ್ನೇ ಹಬ್ಬ ಮಾಡಿ ಈಗಷ್ಟೇ ಉಂಡಿದ್ದೇವೆ. ಕುಳಿತಿರುವುದು ಕರಿ ಎರೆಮಣ್ಣಿನ ಮೇಲೆ. ಕರಿ ನಾಯಿಗೆ ಮಾತ್ರ ಅಂಜಬೇಕೇ ಮಾವ?" ಎಂದು ಕೇಳಿದಳು. ಗಾಣಗಾಪುರದ ದತ್ತನ ಪಟ ನಮ್ಮ ಜಗಲಿಯ ಮೇಲಿದೆ. ಅವನ ಕಾಲ ಬಳಿ ನಿಂತ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ನಂಬಿದವರು ನಾವು. ಮೈಲಾರನ ಹೆಸರಿನಲ್ಲಿ ನಾಯಿಯಂತೆ ಬೊಗಳಿ ಭಂಡಾರ ಹಚ್ಚುವ ವಗ್ಗಯ್ಯಗಳ ಕಾಲಿಗೆ ನಮಸ್ಕರಿಸಿದವರು. ಇಂಥ ಸೀಮೆಯಲ್ಲಿ ಎರಡು ತಿಂಗಳ ಮರಿಯನ್ನು ಬಣ್ಣ ನೋಡಿ ಅಪಶಕುನ ಎನ್ನುವುದು ನನಗೆ ಸಹಿಸಲಾಗದು.

ಶಕುನದ ಮಾತನ್ನು ಬಿಟ್ಟರೂ ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತದೆ: ಫಾನ್ ಸಾಧು, ಕರಿ ಸಿಟ್ಟಿನದು, ಚಾಕಲೇಟ್ ಹುಚ್ಚಾಟದ್ದು. ಓದಿಕೊಂಡವರೂ ಇದನ್ನು ವಿಜ್ಞಾನವೆಂಬಂತೆ ಹೇಳುತ್ತಾರೆ. ಈ ಮಾತಿನಿಂದ ಒಂದು ನಾಯಿ ಎಷ್ಟು ನರಳಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಕ್ಕದ ಮನೆಯ ಕಾಕಾ ಅವರು ಎಳ್ಳಿಯನ್ನು ನೋಡಿ ಆಸೆಪಟ್ಟು, ಮರುವರ್ಷ ದೂರದ ಊರಿನ ಮಾರಾಟಗಾರರೊಬ್ಬರಿಂದ ಚಾಕಲೇಟ್ ಬಣ್ಣದ ಗಂಡು ಮರಿಯನ್ನು ತರಿಸಿದರು. ಎಳ್ಳಿಗೆ ಜೊತೆಯಾಗಲೆಂದು ಬೆಲ್ಲ ಎಂದು ಕರೆದರು. ಎರಡು ವರ್ಷ ಬೆಲ್ಲ ನಿಜವಾಗಿಯೂ ಬೆಲ್ಲವೇ ಆಗಿದ್ದ. ಮೂರನೆಯ ಮಳೆಗಾಲದಲ್ಲಿ ಬದಲಾದ. ತಲೆ ಸವರಲು ಹೋದರೆ ಗುರ್ರೆನ್ನುವುದು, ಕರೆದರೆ ಬರದಿರುವುದು, ರಾತ್ರಿಯೆಲ್ಲ ತಲೆ ಕೊಡವುತ್ತ ಓಡಾಡುವುದು. ಒಂದು ದಿನ ಕಾಕಾ ಅವರ ಮೊಮ್ಮಗಳು ಕುತ್ತಿಗೆಗೆ ಕೈ ಹಾಕಿದಾಗ ಬಾಯಿ ಹಾಕಿಬಿಟ್ಟ. ಹಲ್ಲು ತಾಗಲಿಲ್ಲ, ಆದರೆ ಮಗು ಬೆದರಿತು. ಬಂದವರೆಲ್ಲ ಒಂದೇ ಮಾತು ಹೇಳಿದರು: "ಚಾಕಲೇಟ್ ಬಣ್ಣದ ನಾಯಿಗಳ ಸ್ವಭಾವವೇ ಹಾಗೆ." ಬೆಲ್ಲನನ್ನು ಹಿತ್ತಲಿನಲ್ಲಿ ಗಿಡ್ಡ ಸರಪಳಿ ಹಾಕಿ ಕಟ್ಟಿದರು. ಕಟ್ಟಿದ ಮೇಲೆ ಇನ್ನಷ್ಟು ಬೊಗಳಿದ. ಸ್ವಭಾವ ಎಂದವರ ಮಾತು ಇನ್ನಷ್ಟು ಗಟ್ಟಿಯಾಯಿತು.

ನಾಲ್ಕು ತಿಂಗಳು ಹೀಗೆಯೇ ಹೋಯಿತು. ಕೊನೆಗೆ ಕಾಕಾ ಅವರ ಮಗ ರಜೆಗೆ ಬಂದಾಗ ನಾವಿಬ್ಬರೂ ಬೆಲ್ಲನನ್ನು ಕಾರಿನಲ್ಲಿ ಕೂಡಿಸಿಕೊಂಡು ಹುಮನಾಬಾದ್ ದಾರಿಯಾಗಿ ಬೀದರಿಗೆ ಹೋದೆವು. ಅಲ್ಲಿನ ವೈದ್ಯರು ಬಾಯಿಗೆ ಪಟ್ಟಿ ಕಟ್ಟಿಸಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಎರಡೂ ಕಿವಿಗಳಲ್ಲಿ ಕಪ್ಪು ಕೀಟು, ಕೀವು, ಊದಿಕೊಂಡ ಚರ್ಮ. "ಇಷ್ಟು ನೋವಿಟ್ಟುಕೊಂಡು ಈ ನಾಯಿ ಯಾರನ್ನೂ ಕಚ್ಚಿಲ್ಲವೆಂದರೆ ಇದು ಬಹಳ ಒಳ್ಳೆಯ ನಾಯಿ" ಎಂದರು. ಕಾರಿನಲ್ಲಿ ಹಿಂದಿರುಗುವಾಗ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ನಾಲ್ಕು ತಿಂಗಳು ಪಕ್ಕದ ಮನೆಯಲ್ಲೇ ಇದ್ದೆ. ಅವನು ತಲೆ ಕೊಡವುವುದನ್ನು ದಿನವೂ ನೋಡಿದ್ದೆ. ಬಣ್ಣದ ಮಾತನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದವರಿಗೆ ಎದುರಾಡಿಯೂ ಇರಲಿಲ್ಲ.

ಆಮೇಲೆ ಓದತೊಡಗಿದೆ. ಬಣ್ಣಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಂಬಂಧವಿದೆ, ಆದರೆ ಜನ ಹುಡುಕುವ ಜಾಗದಲ್ಲಿ ಇಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು ಬ್ರಿಟನ್ನಿನ ಪಶು ಚಿಕಿತ್ಸಾಲಯಗಳ ದಾಖಲೆಗಳಲ್ಲಿದ್ದ 33,320 ಲ್ಯಾಬ್ರಡಾರ್‌ಗಳಿಂದ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಆರಿಸಿ, ಅವುಗಳ ಕಾಯಿಲೆಗಳನ್ನು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಕಿವಿಯ ಸೋಂಕು ಕರಿ ನಾಯಿಗಳಲ್ಲಿ ಶೇ 12.8, ಹಳದಿಯಲ್ಲಿ ಶೇ 17, ಚಾಕಲೇಟ್ ನಾಯಿಗಳಲ್ಲಿ ಶೇ 23.4. ಚರ್ಮವನ್ನು ನೆಕ್ಕಿ, ಕೆರೆದುಕೊಂಡು ಹಸಿಗಾಯ ಮಾಡಿಕೊಳ್ಳುವ ತೊಂದರೆ ಕರಿಯಲ್ಲಿ ಶೇ 1.1 ಇದ್ದರೆ ಚಾಕಲೇಟ್‌ನಲ್ಲಿ ಶೇ 4. ಆಯುಷ್ಯದಲ್ಲೂ ಅಂತರವಿತ್ತು: ಚಾಕಲೇಟ್ ನಾಯಿಗಳದು 10.7 ವರ್ಷ, ಉಳಿದವುಗಳದು 12.1 ವರ್ಷ. ನಮ್ಮ ಊರಿನಲ್ಲಿ ಯಾರಿಗೂ ಬೇಡವಾದ ಕರಿ ಬಣ್ಣದ ನಾಯಿಗಳಿಗೇ ಆ ಲೆಕ್ಕದಲ್ಲಿ ಕಿವಿ, ಚರ್ಮದ ಕಾಟ ಎಲ್ಲಕ್ಕಿಂತ ಕಡಿಮೆ.

ಚಾಕಲೇಟ್ ಬಣ್ಣ ವಿಷವೇನೂ ಅಲ್ಲ. ಲ್ಯಾಬ್ರಡಾರ್‌ನ ಬಣ್ಣವನ್ನು ಮುಖ್ಯವಾಗಿ ಎರಡು ಜೀನ್‌ಗಳು ನಿರ್ಧರಿಸುತ್ತವೆ. ಒಂದು ಜೀನ್ ಬಣ್ಣ ಕಪ್ಪೋ ಕಂದೋ ಎಂಬುದನ್ನು ಹೇಳುತ್ತದೆ. ಇನ್ನೊಂದು, ಆ ಬಣ್ಣ ಕೂದಲಿಗೆ ಇಳಿಯಬೇಕೋ ಬೇಡವೋ ಎಂಬುದನ್ನು ಹೇಳುತ್ತದೆ. ಕೂದಲಿಗೆ ಇಳಿಯದಿದ್ದರೆ ನಾಯಿ ಹಳದಿಯಾಗುತ್ತದೆ, ಅಂದರೆ ನಾವು ಫಾನ್ ಎನ್ನುವುದು. ಅದರ ಮೂಗು ಕಪ್ಪಾಗಿ ಉಳಿಯುವುದು ಚರ್ಮದಲ್ಲಿ ಆ ಬಣ್ಣ ಇದ್ದೇ ಇರುವುದರಿಂದ. ಹೀಗಾಗಿ ಕರಿ ತಂದೆ, ಕರಿ ತಾಯಿಗೆ ಒಂದೇ ಸೂಲಿನಲ್ಲಿ ಮೂರು ಬಣ್ಣದ ಮರಿಗಳೂ ಹುಟ್ಟಬಹುದು. ಒಂದೇ ಹೊಟ್ಟೆಯ ಈ ಮರಿಗಳಲ್ಲಿ ಒಂದನ್ನು ಸಾಧು, ಒಂದನ್ನು ಕೋಪಿಷ್ಠ ಎಂದು ಹೇಗೆ ವಿಂಗಡಿಸುವುದು?

ಕಂದು ಬಣ್ಣ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಆ ಜೀನ್ ಬರಬೇಕು. ಚಾಕಲೇಟ್‌ಗೆ ಬೇಡಿಕೆ ಏರಿದಾಗ ಸಾಕುವವರು ಆ ಜೀನ್ ಇರುವ ಕೆಲವೇ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸುತ್ತಾರೆ. ಬಣ್ಣದ ಬೆನ್ನು ಹತ್ತಿದಾಗ ಕಿವಿ, ಚರ್ಮದ ದೋಷಗಳೂ ಜೊತೆಯಲ್ಲೇ ಇಳಿದು ಬಂದಿರಬಹುದೆಂಬುದು ಆ ಸಂಶೋಧಕರ ಊಹೆ. ನನಗೆ ಇದು ಸರಿಯೆನಿಸುತ್ತದೆ. ಬೆಲ್ಲನ ತಂದೆ, ತಾಯಿ ಅಣ್ಣ ತಂಗಿಯ ಮಕ್ಕಳೆಂದು ಆಮೇಲೆ ತಿಳಿಯಿತು. ಮಾರಿದವರು ಅದನ್ನು ಹೇಳಿರಲಿಲ್ಲ, ಕಾಕಾ ಅವರೂ ಕೇಳಿರಲಿಲ್ಲ. ಈಗ 'ಸಿಲ್ವರ್ ಲ್ಯಾಬ್' ಎಂದು ಬೂದು ಬಣ್ಣದ ಮರಿಗಳನ್ನು ದುಪ್ಪಟ್ಟು ಬೆಲೆಗೆ ತೋರಿಸುತ್ತಿದ್ದಾರೆ. ಅದು ತಳಿಯ ಮಾನ್ಯ ಬಣ್ಣವಲ್ಲ. ಬಣ್ಣ ತೆಳುವಾಗಿಸುವ ಆ ಜೀನ್ ಇರುವ ನಾಯಿಗಳಲ್ಲಿ ಕೂದಲು ಉದುರುವ ಚರ್ಮರೋಗವೂ ಕಾಣಿಸಿಕೊಳ್ಳಬಹುದು. ದಯವಿಟ್ಟು ಕೊಳ್ಳಬೇಡಿ.

ಇನ್ನು ಸ್ವಭಾವ. ಎಡಿನ್‌ಬರೊ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಲೀಕರು ಕೊಟ್ಟ ಉತ್ತರಗಳ ಪ್ರಕಾರ, ಚಾಕಲೇಟ್ ನಾಯಿಗಳು ಕರಿ ನಾಯಿಗಳಿಗಿಂತ ಚಂಚಲವಾಗಿ, ಕಲಿಸಲು ಸ್ವಲ್ಪ ಕಷ್ಟವಾಗಿ ಕಂಡವು. ಇದನ್ನು ಮುಚ್ಚಿಡಲಾರೆ. ಆದರೆ ಅದೇ ಅಧ್ಯಯನದಲ್ಲಿ ದಿನವೂ ಹೆಚ್ಚು ವ್ಯಾಯಾಮ ಸಿಕ್ಕ ನಾಯಿಗಳಲ್ಲಿ ಅಂಜಿಕೆ, ಆಕ್ರಮಣ, ಒಂಟಿಯಾಗಿ ಬಿಟ್ಟಾಗಿನ ಕಳವಳ ಕಡಿಮೆ ಇದ್ದವು. ಬಣ್ಣ ನಮ್ಮ ಕೈಯಲ್ಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ನಾಯಿಯನ್ನು ಅಪ್ಪನ ಕೆರೆಯ ತನಕ ನಡೆಸಿಕೊಂಡು ಬರುವುದು ನಮ್ಮ ಕೈಯಲ್ಲಿದೆ. ಬೆಲ್ಲನ ಕಿವಿ ವಾಸಿಯಾಗಲು ತಿಂಗಳ ಮೇಲೆ ಹಿಡಿಯಿತು. ಸರಪಳಿ ಬಿಚ್ಚಿ ಎಳ್ಳಿಯ ಜೊತೆ ನಡೆಸತೊಡಗಿದ ಮೇಲೆ ಅವನು ಮೊದಲಿನ ಬೆಲ್ಲನೇ ಆದ. ಆ ಮೊಮ್ಮಗಳು ಈಗ ಪ್ರತಿ ಶನಿವಾರ ಅವನ ಕಿವಿಯೆತ್ತಿ ಮೂಸಿ ನೋಡಿ, ವಾಸನೆ ಇಲ್ಲ ಎಂದು ಕೂಗಿ ಹೇಳುತ್ತಾಳೆ. ಸ್ನಾನವಾದ ಮೇಲೆ ಕಿವಿ ಒರೆಸುವುದೂ ಅವಳದೇ ಕೆಲಸ.

ಕರಿ ಮರಿ ನಮ್ಮ ಬಿಸಿಲಿಗೆ ತಾಳುವುದಿಲ್ಲ ಎನ್ನುವವರಿಗೂ ಒಂದು ಮಾತು. ಅಮೆರಿಕದ ಸಂಶೋಧಕರು ಕರಿ ಮತ್ತು ಹಳದಿ ಲ್ಯಾಬ್ರಡಾರ್‌ಗಳನ್ನು ಬಿಸಿಲಿನಲ್ಲಿ ನಡೆಸಿ, ಹೊಟ್ಟೆಯೊಳಗಿನ ತಾಪವನ್ನೂ ಅಳೆದು ಬರೆದಿದ್ದಾರೆ. ಬಣ್ಣದಿಂದ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಲ್ಯಾಬ್ರಡಾರ್ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ತಣ್ಣನೆಯ ಕಡಲಿನಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳಿಂದ ಬಂದ ತಳಿ. ಮೈಮೇಲೆ ಎರಡು ಪದರ ಕೂದಲು. ಮೇ ತಿಂಗಳ ಕಲಬುರಗಿ ಮೂರು ಬಣ್ಣದವಕ್ಕೂ ಒಂದೇ ಸಮನೆ ಕಷ್ಟ. ಫಾನ್ ಇದೆಯೆಂದು ಧೈರ್ಯ ಮಾಡಿ ಹತ್ತು ಗಂಟೆಯ ಬಿಸಿಲಿನಲ್ಲಿ ಡಾಂಬರು ರಸ್ತೆಯ ಮೇಲೆ ನಡೆಸುವವರನ್ನು ನೋಡಿದ್ದೇನೆ. ಅಂಗಾಲು ಸುಡುತ್ತದೆ, ಹೀಗೆ ಮಾಡಬೇಡಿ. ನಮ್ಮ ಮನೆಯಲ್ಲಿ ಶಹಾಬಾದ್ ಪರಸಿಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಹಾಕಿ ಬಿಡುತ್ತೇವೆ. ಎಳ್ಳಿ ಹೊಟ್ಟೆ ಹಚ್ಚಿ ಮಲಗಿದರೆ ಸಂಜೆಯ ತನಕ ಏಳುವುದಿಲ್ಲ. ಬೇಸಿಗೆ ಎಂದು ಮೈ ಬೋಳಿಸುವುದೂ ತಪ್ಪು, ಆ ಕೂದಲೇ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ.

ಬಣ್ಣಕ್ಕಿಂತ ನಾನು ಹೆಚ್ಚು ಹೆದರುವುದು ತೂಕಕ್ಕೆ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹೆಚ್ಚಿಸುವ ಜೀನ್ ದೋಷವೊಂದಿದೆ ಎಂದು ಕೇಂಬ್ರಿಡ್ಜ್‌ನವರು 2016ರಲ್ಲಿ ಕಂಡುಕೊಂಡರು. ಊಟವಾದ ಮೇಲೂ ನಾಯಿ ನಮ್ಮ ತಾಟನ್ನೇ ನೋಡುತ್ತ ಕುಳಿತರೆ ಕರುಣೆ ಬರುವುದು ಸಹಜ. ಅಂದು ಮುಖ ತಿರುಗಿಸಿದ್ದ ಮುತ್ಯಾ ಅವರೇ ಮುಂದೆ ಕದ್ದುಮುಚ್ಚಿ ಎಳ್ಳಿಗೆ ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದರು. ನಾಲ್ಕು ಕಿಲೊ ಹೆಚ್ಚಾಗಿ ಅವಳ ಹಿಂಗಾಲು ಸೋತಾಗ ತಾವೇ ನಿಲ್ಲಿಸಿದರು. ಈಗ ಅವರಿಲ್ಲ. ಅವರು ಕೂಡುತ್ತಿದ್ದ ಕಟ್ಟೆಯ ಕೆಳಗೆ ಎಳ್ಳಿ ಇಂದಿಗೂ ಮಧ್ಯಾಹ್ನ ಹೋಗಿ ಮಲಗುತ್ತಾಳೆ, ಗದ್ದದ ಕೂದಲು ಪೂರ್ತಿ ಬೆಳ್ಳಗಾಗಿದೆ.

ಆ ಎರಡು ಕರಿ ಮರಿಗಳು, ಒಂದು ಹೆಣ್ಣು, ಒಂದು ಗಂಡು, ನಿನ್ನೆ ಸಂಜೆಯ ತನಕ ಅಲ್ಲಿಯೇ ಇದ್ದವು. ಮೊದಲ ಲಸಿಕೆ ಆಗಿದೆ. ತಾಯಿಯ ಕಿವಿ, ಚರ್ಮ ಎರಡನ್ನೂ ನಾನೇ ನೋಡಿದ್ದೇನೆ, ಸ್ವಚ್ಛವಾಗಿವೆ. ತಂದೆ ಬೇರೆ ಊರಿನದು, ರಕ್ತಸಂಬಂಧವಿಲ್ಲ. ಬೇಕಾದವರು ನನಗೆ ಸಂದೇಶ ಕಳುಹಿಸಿ, ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಬಿಸಿಲೇರುವ ಮುನ್ನ ಹೋಗೋಣ, ಆಗ ಎಚ್ಚರವಿರುತ್ತವೆ.