ಸೆನ್ಸರ್ ಬದಲಿಸುವ ಮೊದಲು ಅರ್ಥಿಂಗ್ ನೋಡಿ

ಕಳೆದ ತಿಂಗಳು ಒಂದು ಸ್ಪೋರ್ಟ್ಸ್ ಕಾರು ಟ್ರಕ್ಕಿನ ಮೇಲೆ ಕೂತು ನನ್ನ ಗ್ಯಾರೇಜಿಗೆ ಬಂತು. ಜೊತೆಗೆ ಒಂದು ಬಟ್ಟೆಯ ಚೀಲವೂ ಬಂತು. ಅದರಲ್ಲಿ ಆ ಕಾರಿನಿಂದ ಕಳಚಿದ ಹಳೆಯ ಬಿಡಿಭಾಗಗಳಿದ್ದವು: ಎರಡು ಆಕ್ಸಿಜನ್ ಸೆನ್ಸರ್, ಒಂದು ಕ್ರ್ಯಾಂಕ್ ಸೆನ್ಸರ್, ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್, ಹಿಂದಿನ ಎಡ ಚಕ್ರದ ವೇಗದ ಸೆನ್ಸರ್. ಬ್ಯಾಟರಿಯೂ ಹೊಸದಾಗಿತ್ತು. ಮೂರು ತಿಂಗಳಲ್ಲಿ ಮೂರು ಗ್ಯಾರೇಜು ಸುತ್ತಿದ ಮಾಲೀಕರು ಒಟ್ಟು ಖರ್ಚನ್ನು ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಾಯಿಲೆ ಮಾತ್ರ ಇದ್ದ ಹಾಗೆಯೇ ಇತ್ತು.

ಅಷ್ಟು ದುಬಾರಿ ಕಾರು ಇಟ್ಟುಕೊಂಡವರ ಕಷ್ಟಕ್ಕೆ ನಾವೇಕೆ ಮರುಗಬೇಕು ಎಂದು ಯಾರಾದರೂ ಕೇಳಬಹುದು. ಇದೇ ರೀತಿಯ ದುರಸ್ತಿ ಬಾಡಿಗೆ ಟ್ಯಾಕ್ಸಿಗಳಿಗೂ ಆಗುತ್ತಿದೆ. ಅಲ್ಲಿ ತಪ್ಪಾಗಿ ಬದಲಿಸಿದ ಒಂದು ಸೆನ್ಸರ್ ಎಂದರೆ ಚಾಲಕನ ಹಲವು ದಿನಗಳ ದುಡಿಮೆ. ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಅಡ್ಡರಸ್ತೆಯೊಂದರಲ್ಲಿ 26 ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿರುವ ನಾನು ಎರಡೂ ಬಗೆಯವರನ್ನು ನೋಡಿದ್ದೇನೆ. ಆದ್ದರಿಂದ ಇದನ್ನು ಬರೆಯಲೇಬೇಕು ಅನಿಸಿತು.

ಕಾರು ಎರಡು ಸೀಟಿನದು, ಮೇಲ್ಛಾವಣಿ ತೆರೆಯುವಂಥದ್ದು, ಆರು ಸಿಲಿಂಡರಿನ ಇಂಜಿನ್ ಸೀಟುಗಳ ಹಿಂದೆ. ಏಪ್ರಿಲ್‌ನ ಮೊದಲ ಮಳೆಗಳ ನಂತರ ತೊಂದರೆ ಶುರುವಾಗಿತ್ತು. ಕೆಲವು ಬೆಳಿಗ್ಗೆ ಕಾರು ಕೀಲಿಯನ್ನೇ ಗುರುತಿಸುತ್ತಿರಲಿಲ್ಲ. ಇನ್ನು ಕೆಲವು ದಿನ ಓಡುತ್ತಿರುವಾಗಲೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಇಂಜಿನ್ ದೀಪಗಳು ಒಟ್ಟಿಗೆ ಹತ್ತಿಕೊಂಡು, ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಕಾರು ತೆವಳುತ್ತಿತ್ತು. ಮೇಖ್ರಿ ವೃತ್ತದ ಅಂಡರ್‌ಪಾಸಿನಲ್ಲಿ, ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ, ಹೀಗಾದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಸ್ಕ್ಯಾನರ್ ಹಾಕಿದರೆ, ಕಾರಿನ ಕಂಪ್ಯೂಟರುಗಳು ದಾಖಲಿಸಿಟ್ಟ ಹದಿನಾಲ್ಕು ದೋಷದ ಕೋಡ್‌ಗಳು. ಹಿಂದಿನವರು ಮಾಡಿದ್ದೇನೆಂದರೆ, ಯಾವ ಕೋಡಿನಲ್ಲಿ ಯಾವ ಸೆನ್ಸರಿನ ಹೆಸರಿದೆಯೋ ಅದನ್ನು ತೆಗೆದು ಹೊಸದು ಹಾಕಿದರು. ಕೋಡ್ ಅಳಿಸಿದರು, ಬಿಲ್ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎನ್ನುತ್ತಾರಲ್ಲ, ಅದು ಇದೇ.

ನಾನು ಕೋಡನ್ನು ದೂರಿನ ಅರ್ಜಿಯ ಹಾಗೆ ಓದುತ್ತೇನೆ. ಪಿ0171 ಎಂದು ಬಂದರೆ ಇಂಜಿನ್ನಿನ ಸಿಲಿಂಡರುಗಳ ಒಂದು ಸಾಲಿನಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ. ಆ ಸುದ್ದಿ ಕೊಟ್ಟದ್ದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುವ ಆಕ್ಸಿಜನ್ ಸೆನ್ಸರ್. ಎಲ್ಲೋ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಒಳಗೆ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಇಳಿದಿರಬಹುದು, ಸೈಲೆನ್ಸರಿನ ಜೋಡಣೆ ಸೋರುತ್ತಿರಬಹುದು. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದರೆ ಸುದ್ದಿ ಬದಲಾಗುವುದಿಲ್ಲ. ಯು0121 ಎಂದು ಬಂದರೆ ಎಬಿಎಸ್ ಘಟಕದ (ಅದನ್ನು ನಡೆಸುವ ಸಣ್ಣ ಕಂಪ್ಯೂಟರಿನ) ಜೊತೆ ಸಂಪರ್ಕ ಕಡಿದಿದೆ ಎಂದಷ್ಟೇ ಅರ್ಥ. ಅದಕ್ಕೂ ಚಕ್ರದ ಸೆನ್ಸರಿಗೂ ನೇರ ಸಂಬಂಧವೇ ಇಲ್ಲ.

ಮೊದಲ ಅರ್ಧ ಗಂಟೆ ನಾನು ಕಾರನ್ನು ಮುಟ್ಟಲಿಲ್ಲ, ಮಾಲೀಕರನ್ನು ಕೂರಿಸಿಕೊಂಡು ಮಾತನಾಡಿದೆ. ಮಳೆಯ ಮರುದಿನವೇ ಆಗುತ್ತದೆಯೇ? ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಹೆಡ್‌ಲೈಟ್ ಹಾಕಿದಾಗ ಹೆಚ್ಚೇ? ಜಯನಗರದ ಅವರ ಮನೆ ಮುಂದೆ, ಟಬೂಬಿಯಾ ಮರದ ಕೆಳಗೆ ಕಾರು ನಿಲ್ಲುತ್ತದೆ ಎಂದರು. ಆಮೇಲೆ ಕೋಡ್‌ಗಳನ್ನು ದಾಖಲಾದ ಕಿಲೋಮೀಟರ್ ಪ್ರಕಾರ ಜೋಡಿಸಿದೆ. ಎಲ್ಲಕ್ಕಿಂತ ಮೊದಲು ಬಂದದ್ದು ಪಿ0562, ವೋಲ್ಟೇಜ್ ಕಡಿಮೆ. ಇದನ್ನು ನೋಡಿಯೇ ಹಿಂದಿನವರು ಬ್ಯಾಟರಿ ಬದಲಿಸಿದ್ದರು. ಆದರೆ ಹಳೆಯ ಬ್ಯಾಟರಿ ಸತ್ತಿತ್ತೆಂದು ಯಾರೂ ಅಳೆದು ನೋಡಿರಲಿಲ್ಲ.

ಬ್ಯಾಟರಿಯಲ್ಲಿ 12.6 ವೋಲ್ಟ್, ಇಂಜಿನ್ ಓಡುವಾಗ 14.1. ಆರೋಗ್ಯವಾಗಿದೆ. ಘಟಕಗಳು ಪರಸ್ಪರ ಮಾತನಾಡುವ ಕ್ಯಾನ್ ಜಾಲವನ್ನೂ ನೋಡಿದೆ. 1986ರಲ್ಲಿ ಬಾಷ್ ಪರಿಚಯಿಸಿದ ಈ ವ್ಯವಸ್ಥೆಯಲ್ಲಿ ಒಂದಕ್ಕೊಂದು ಹೆಣೆದ ಎರಡೇ ತಂತಿಗಳು, ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕ. ಬ್ಯಾಟರಿ ಕಳಚಿ ಆ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. ಬಂತು. ಅಂದರೆ ತಂತಿ ತುಂಡಾಗಿಲ್ಲ. ಮಾತು ಹೋಗುವ ದಾರಿ ಸರಿಯಿದ್ದು, ಮಾತನಾಡುವವನೇ ನಡುನಡುವೆ ಎಚ್ಚರ ತಪ್ಪುತ್ತಿದ್ದಾನೆ.

ಇಲ್ಲಿಂದ ಮುಂದಿನದನ್ನು ಕೆಲಸ ಕಲಿಯುತ್ತಿರುವ ಹುಡುಗರು ದಯವಿಟ್ಟು ನಿಧಾನವಾಗಿ ಓದಬೇಕು. ನಾವೆಲ್ಲ 12 ವೋಲ್ಟ್ ಬರುತ್ತಿದೆಯೇ ಎಂದು ನೋಡುತ್ತೇವೆ, ಅದು ವಾಪಸ್ ಹೋಗುತ್ತಿದೆಯೇ ಎಂದು ನೋಡುವುದಿಲ್ಲ. ವಿದ್ಯುತ್ತಿಗೆ ಬರುವ ದಾರಿ ಎಷ್ಟು ಮುಖ್ಯವೋ ಹಿಂದಿರುಗುವ ದಾರಿಯೂ ಅಷ್ಟೇ ಮುಖ್ಯ. ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ಈ ದಾರಿಯನ್ನೇ ಅರ್ಥಿಂಗ್ ಅಥವಾ ಅರ್ಥ್ ಎನ್ನುತ್ತೇವೆ. ಒಂದು ತಂತಿಯ ಎಲ್ಲ ಎಳೆಗಳೂ ಕೊಳೆತು ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ಎಂದೇ ತೋರಿಸುತ್ತದೆ, ಯಾಕೆಂದರೆ ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಅದೇ ತಂತಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಹಚ್ಚಿ ಸುಮಾರು 1.75 ಆಂಪಿಯರ್ ಎಳೆದರೆ ಸತ್ಯ ಹೊರಬೀಳುತ್ತದೆ, ಬಲ್ಬು ಮಂಕಾಗುತ್ತದೆ. (ಸೆನ್ಸರಿನ 5 ವೋಲ್ಟ್ ತಂತಿಗಳಿಗೆ ಮಾತ್ರ ಈ ಬಲ್ಬನ್ನು ಎಂದೂ ಹಚ್ಚಬೇಡಿ, ಇಂಜಿನ್ ಕಂಪ್ಯೂಟರೇ ಹಾಳಾಗಬಹುದು.) ಹಾಗಾಗಿ ಅರ್ಥಿಂಗ್ ಪರೀಕ್ಷೆಯನ್ನು ಹೊರೆ ಹೊರಿಸಿಯೇ ಮಾಡಬೇಕು. ಹೆಡ್‌ಲೈಟ್, ಫ್ಯಾನು, ಎಸಿ ಎಲ್ಲ ಚಾಲೂ ಮಾಡಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಘಟಕದ ಅರ್ಥ್ ತಂತಿಯ ಮೇಲೆ ಇಡಬೇಕು. ಸೊನ್ನೆಗೆ ಹತ್ತಿರ ಬರಬೇಕು. 0.1 ವೋಲ್ಟ್ ದಾಟಿದರೆ ನಾನು ಅನುಮಾನಪಡುತ್ತೇನೆ. ಈ ಕಾರಿನಲ್ಲಿ 2.4 ಬಂತು.

ಅಂದರೆ ಬ್ಯಾಟರಿ 14.1 ಕೊಡುತ್ತಿದ್ದರೂ ಆ ಘಟಕಕ್ಕೆ ಸಿಗುತ್ತಿದ್ದದ್ದು 11.7. ಸಂಪರ್ಕ ಇನ್ನಷ್ಟು ಕೆಟ್ಟ ಕ್ಷಣದಲ್ಲಿ ಅದು ಅರೆಗಳಿಗೆ ಕಣ್ಣು ಮುಚ್ಚಿ ತೆರೆಯುತ್ತದೆ, ಉಳಿದ ಘಟಕಗಳು ಅದು ಕಾಣಿಸುತ್ತಿಲ್ಲ ಎಂದು ದೂರು ದಾಖಲಿಸುತ್ತವೆ. ಸೆನ್ಸರುಗಳ ಅರ್ಥಿಂಗ್ ಇನ್ನೂ ಸೂಕ್ಷ್ಮ. ಕೂಲೆಂಟ್ ತಾಪದ ಸೆನ್ಸರಿನ ಅರ್ಥ್ ಸ್ವಲ್ಪ ಕೆಟ್ಟರೂ ಕಂಪ್ಯೂಟರಿಗೆ ಹೋಗುವ ವೋಲ್ಟೇಜ್ ಏರುತ್ತದೆ. ಆ ಸೆನ್ಸರಿನಲ್ಲಿ ವೋಲ್ಟೇಜ್ ಏರಿದರೆ ಇಂಜಿನ್ ತಣ್ಣಗಿದೆ ಎಂದರ್ಥ. ಬೇಸಿಗೆಯ ಮಧ್ಯಾಹ್ನ ಸಿಲ್ಕ್ ಬೋರ್ಡಿನಲ್ಲಿ ನಿಂತು ಬೇಯುತ್ತಿರುವ ಇಂಜಿನ್ನಿಗೂ ಆಗ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಮಾತ್ರ ನಿರಪರಾಧಿ.

ತಂತಿಯನ್ನು ಹಿಂಬಾಲಿಸಿದಾಗ ಅದು ಚಾಲಕನ ಸೀಟಿನ ಕೆಳಗೆ ಹೋಯಿತು. ಬ್ಯಾಟರಿ ಕಳಚಿ, ಕೆಲವು ನಿಮಿಷ ಕಾದು, ಆಮೇಲೆ ಸೀಟು ತೆಗೆದೆ. ಅಲ್ಲಿರುವ ಹಳದಿ ಕನೆಕ್ಟರ್ ಏರ್‌ಬ್ಯಾಗ್ ವ್ಯವಸ್ಥೆಯದು, ಅದರ ಹತ್ತಿರ ಅವಸರ ಕೂಡದು. ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ನೀರು ಕುಡಿದು ಊದಿತ್ತು. ಪಕ್ಕದಲ್ಲೇ ಕೀಲಿಯನ್ನು ಗುರುತಿಸುವ ಘಟಕ. ಆರು ಅರ್ಥ್ ತಂತಿಗಳು ಸೇರುವ ಬೋಲ್ಟು ಹಸಿರು ಪಾಚಿಯಂಥ ತುಕ್ಕಿನಲ್ಲಿ ಮುಚ್ಚಿಹೋಗಿತ್ತು.

ನೀರು ಬಂದದ್ದು ಮೇಲಿನಿಂದ. ಇಂಥ ಕಾರುಗಳಲ್ಲಿ ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಎರಡೂ ಬದಿಯ ಸಣ್ಣ ಕೊಳವೆಗಳಲ್ಲಿ ಇಳಿದು ಹೊರಗೆ ಹೋಗಬೇಕು. ಎಡಗಡೆಯದು ಸರಿಯಿತ್ತು. ಬಲಗಡೆಯದಕ್ಕೆ ತಂತಿ ಹಾಕಿ ಎಳೆದಾಗ ಕೊಳೆತು ಮುದ್ದೆಯಾದ ಟಬೂಬಿಯಾ ಹೂವಿನ ಪಕಳೆಗಳು ಬಂದವು. ಫೆಬ್ರವರಿ ಮಾರ್ಚ್‌ನಲ್ಲಿ ಇಡೀ ಊರು ನಿಂತು ಫೋಟೋ ತೆಗೆಯುವ ಹೂವು. ಅದು ಉದುರಿ ಕೊಳವೆ ಸೇರಿತು, ಏಪ್ರಿಲ್‌ನಲ್ಲಿ ಮಳೆ ಬಂತು. ಕಾರಣ ಇಷ್ಟೇ.

ಬೋಲ್ಟನ್ನು ಉಜ್ಜಿ, ತುದಿಗಳನ್ನು ಕತ್ತರಿಸಿ ಹೊಸ ಲಗ್ (ತಂತಿಯ ತುದಿಯ ಲೋಹದ ಬಳೆ) ಕೂರಿಸಿ, ಘಟಕವನ್ನು ಒಣಗಿಸಿ ಜೋಡಿಸಿದೆ. ಮೀಟರಿನಲ್ಲಿ 0.03. ಕೋಡ್‌ಗಳನ್ನು ಅಳಿಸಿದ ಮೇಲೆ ಒಂದೂ ಮರಳಲಿಲ್ಲ.

ಭಾನುವಾರ ಮುಂಜಾನೆ ನಂದಿಬೆಟ್ಟಕ್ಕೆ ಹೋಗಿ ಬಂದು ಉಳಿದ ಆರು ದಿನ ಕಾರು ನಿಲ್ಲಿಸುವವರಿಗೂ ಒಂದು ಮಾತು. ಬೀಗ ಹಾಕಿದ ಮೇಲೂ ಈ ಕಾರುಗಳು ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಎಲ್ಲ ಘಟಕಗಳೂ ನಿದ್ದೆಗೆ ಹೋದ ಮೇಲೆ ಅದು 50 ಮಿಲಿಆಂಪಿಯರ್ ಒಳಗಿರಬೇಕು. ನಿದ್ದೆ ಹತ್ತಲು ಅರ್ಧ ಗಂಟೆಯೂ ಬೇಕಾಗಬಹುದು, ಬಾಗಿಲು ತೆರೆದ ತಕ್ಷಣ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ. ಸೊರಗಿದ ಬ್ಯಾಟರಿಯೊಂದೇ ಹತ್ತಾರು ಸುಳ್ಳು ಕೋಡ್ ಹುಟ್ಟಿಸಬಲ್ಲದು. ನಿಲ್ಲಿಸಿಡುವುದಾದರೆ ಬ್ಯಾಟರಿ ಸೊರಗದಂತೆ ನೋಡಿಕೊಳ್ಳುವ ಒಂದು ಒಳ್ಳೆಯ ಮೇಂಟೆನೆನ್ಸ್ ಚಾರ್ಜರ್ ಇಟ್ಟುಕೊಳ್ಳಿ.

ಹಿಂದಿನ ಮೂರು ಗ್ಯಾರೇಜಿನವರನ್ನು ಮೋಸಗಾರರೆಂದು ನಾನು ಕರೆಯುವುದಿಲ್ಲ. ನಾವು, ಗ್ರಾಹಕರು ಮತ್ತು ಕೆಲಸಗಾರರು ಸೇರಿಯೇ, ಈ ಅಭ್ಯಾಸ ಬೆಳೆಸಿದ್ದೇವೆ. ಹೊಸ ಸೆನ್ಸರಿನ ಡಬ್ಬಿ ತೋರಿಸಿದರೆ ಗ್ರಾಹಕ ಮರುಮಾತಿಲ್ಲದೆ ಹಣ ಕೊಡುತ್ತಾನೆ. ಮೂರು ಗಂಟೆ ಅಳೆದು, ಯೋಚಿಸಿ, ಒಂದು ಬೋಲ್ಟು ಉಜ್ಜಿದೆ ಎಂದರೆ ಇದಕ್ಕೆ ಇಷ್ಟೊಂದೇ ಎನ್ನುತ್ತಾನೆ. ಹುಡುಕುವ ಕೆಲಸಕ್ಕೆ ಕೂಲಿ ಸಿಗದ ಕಡೆ ಯಾರೂ ಹುಡುಕುವುದಿಲ್ಲ. ನನ್ನ ಗ್ಯಾರೇಜಿನಲ್ಲಿ ಈಗ ಪರೀಕ್ಷೆಗೆ ಗಂಟೆಯ ಲೆಕ್ಕದಲ್ಲಿ ಶುಲ್ಕವಿದೆ, ಗೋಡೆಯ ಮೇಲೆ ಬರೆದಿದ್ದೇನೆ. ಕೆಲವರು ನೋಡಿ ವಾಪಸ್ ಹೋಗುತ್ತಾರೆ. ಹೋಗಲಿ.

ಇನ್ನೊಂದು ತಡೆ ವೈರಿಂಗ್ ನಕ್ಷೆಯದು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಕಾಗದವಿಲ್ಲದೆ ಇಂಥ ಕಾರನ್ನು ಬಿಚ್ಚುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಬಿಡಿಭಾಗಗಳು ಮತ್ತು ದುರಸ್ತಿ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುತ್ತಿಲ್ಲವೆಂಬ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗಿಂತ ಹೆಚ್ಚು ದಂಡ ವಿಧಿಸಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಆದರೂ ಒಂದು ನಕ್ಷೆಗಾಗಿ ನಾನು ಇಂದಿಗೂ ಹತ್ತು ಜನರಿಗೆ ಫೋನ್ ಮಾಡುತ್ತೇನೆ. ಇಂಜಿನ್ ಕಂಪ್ಯೂಟರುಗಳ ತಂತ್ರಾಂಶವನ್ನು ಬರೆಯುವ ಎಂಜಿನಿಯರುಗಳು ಆಡುಗೋಡಿಯಲ್ಲಿ, ಕೋರಮಂಗಲದಲ್ಲಿ, ನನ್ನ ಗ್ಯಾರೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಶನಿವಾರ ಬಂದು ನಮ್ಮ ಹುಡುಗರಿಗೆ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಅಲೆಗಳನ್ನು ಓದುವುದು ಹೇಗೆಂದು ಹೇಳಿಕೊಡಿ. ಕಲಿಯುವ ಹಸಿವು ಅವರಿಗೆ ಬಹಳ ಇದೆ.

ಆ ಚೀಲದಲ್ಲಿದ್ದ ಐದನ್ನೂ ಮೇಜಿನ ಮೇಲೆ ಇಟ್ಟು ಒಂದೊಂದಾಗಿ ಪರೀಕ್ಷಿಸಿದೆ. ಒಂದು ಆಕ್ಸಿಜನ್ ಸೆನ್ಸರಿನ ಹೀಟರ್ ಸುಟ್ಟಿತ್ತು, ಅದನ್ನು ಬದಲಿಸಿದವರು ಸರಿಯಾಗಿಯೇ ಬದಲಿಸಿದ್ದಾರೆ. ಉಳಿದ ನಾಲ್ಕರಲ್ಲಿ ನನಗೆ ಯಾವ ದೋಷವೂ ಸಿಗಲಿಲ್ಲ. ಅವಕ್ಕೆ ಹೆಸರು ಬರೆದ ಚೀಟಿ ಅಂಟಿಸಿ ಮಾಲೀಕರ ಕೈಗೇ ಕೊಟ್ಟೆ. ಸೆಪ್ಟೆಂಬರ್‌ನ ದೊಡ್ಡ ಮಳೆಗಳು ಇನ್ನೂ ಬಾಕಿ ಇವೆ. ಮೊದಲನೆಯದು ಸುರಿದ ಮರುದಿನವೇ ಕಾರು ತರಲು ಹೇಳಿದ್ದೇನೆ, ಆ ಬೋಲ್ಟಿನ ಮೇಲೆ ಮತ್ತೊಮ್ಮೆ ಮೀಟರ್ ಇಟ್ಟು ನೋಡಬೇಕು.